ಇಲ್ಲದ ತಂತಿಗೆ ಬಿದ್ದ ಬಾತುಗಳು

ಸಂಜೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ ಒಂಬೈನೂರ ಐವತ್ತೊಂದನೆಯ ಹೆಬ್ಬಾತು ಸತ್ತಿತು. ಸತ್ತ ಮೇಲೂ ಅದು ಆರಾಮಾಗಿ ಹಾರುತ್ತ ಹೋಗಿ, ಹುಣಸಿಗೇರಿ ಊರಾಚೆಯ ಹೊಲದಲ್ಲಿ ಇಳಿದು, ಕಿತ್ತು ಮಿಕ್ಕಿದ್ದ ಶೇಂಗಾ ಹೆಕ್ಕತೊಡಗಿತು. ಅದು ಸತ್ತ ಸುದ್ದಿ ಅದಕ್ಕೇ ಗೊತ್ತಿರಲಿಲ್ಲ. ಗೊತ್ತಾದದ್ದು ಹದಿನೆಂಟು ಕಿಲೋಮೀಟರ್ ದೂರದ ಗದಗಿನ ನಿಯಂತ್ರಣ ಕೊಠಡಿಯಲ್ಲಿ ಕುಳಿತಿದ್ದ ಹಕ್ಕಿ ಸರ್ವೇಯ ಅಧಿಕಾರಿ ನೀಲಾಂಬಿಕಾಳಿಗೆ. ಅವಳೆದುರಿನ ಗೋಡೆಯಗಲದ ಪರದೆಯ ಮೇಲೆ ಕೆಂಪು ಚುಕ್ಕೆಯೊಂದು ಮೂಡಿತು.

"ಇನ್ನು ನಲ್ವತ್ತೊಂಬತ್ತು ಮೇಡಂ," ಎಂದ ಪಕ್ಕದ ಕುರ್ಚಿಯ ರೋಹಿದಾಸ ಪೈ. ಮಂಗಳೂರು ಕಡೆಯ ಎಂಜಿನಿಯರು; ಊಟದ ಡಬ್ಬಿ ತೆರೆಯುವ ಹೊತ್ತು ಬಿಟ್ಟರೆ ಬೇರೆ ಯಾವಾಗಲೂ ಗಂಭೀರನಾಗುವ ಪೈಕಿಯಲ್ಲ. "ದಿನಕ್ಕೆ ಏಳು ಅಂತ ಹಿಡಿದರೆ ಸರಿಯಾಗಿ ಒಂದು ವಾರ. ಮತ್ತೆ ನಾವು ಗಂಟುಮೂಟೆ ಕಟ್ಟುವುದೇ."

ನೀಲಾಂಬಿಕಾ ಗೋಡೆಯ ಕ್ಯಾಲೆಂಡರ್ ನೋಡಿದಳು. ಸಂಕ್ರಾಂತಿಗೆ ಇನ್ನೂ ಮೂರು ದಿನವಿತ್ತು. ಸರ್ವೇ ಮುಗಿಯುವುದು ಫೆಬ್ರವರಿ ಹದಿನೈದಕ್ಕೆ. ಒಂದು ವಾರ ಎಲ್ಲಿ, ಒಂದು ತಿಂಗಳು ಎಲ್ಲಿ.

ಈ ಕಥೆ ನಡೆಯುವ ಕಾಲಕ್ಕೆ ಹೊಸ ಕಾನೂನೊಂದು ಬಂದಿತ್ತು. ವಿದ್ಯುತ್ ತಂತಿ ಎಳೆಯುವ ಮೊದಲು, ಅದು ಎಷ್ಟು ಹಕ್ಕಿಗಳನ್ನು ಕೊಲ್ಲುತ್ತದೆ ಎಂದು ತೋರಿಸಬೇಕು. ಹಿಂದಿನವರು ದುರ್ಬೀನು ಹಿಡಿದು ಕೆರೆ ದಂಡೆಯಲ್ಲಿ ಎರಡು ದಿನ ಕೂತು, "ಅಂದಾಜು ಐದಾರು ಸಾವಿರ ಪಕ್ಷಿಗಳಿವೆ, ವಿಶೇಷ ತೊಂದರೆ ಕಾಣುವುದಿಲ್ಲ" ಎಂದು ಬರೆದು, ಚಹಾ ಕುಡಿದು ಹೋಗುತ್ತಿದ್ದರು. ಆ ಅಂದಾಜಿನ ಮೇಲೆ ಎದ್ದ ಕಂಬಗಳ ಬುಡದಲ್ಲಿ ನಾಯಿಗಳು ದಷ್ಟಪುಷ್ಟವಾಗಿ ಬೆಳೆದವು. ಅದನ್ನು ನೋಡಿ ನೋಡಿ ಸಾಕಾದ ಯಾರೋ ಪುಣ್ಯಾತ್ಮರು ಬೆಳಕಿನ ತಂತಿಯನ್ನು ಕಂಡುಹಿಡಿದರು.

ಕೆಲಸ ಸರಳ. ನಾಳೆ ಗೋಪುರಗಳು ಏಳಬೇಕಾದ ಜಾಗದಲ್ಲೇ ಇವತ್ತು ಸಪೂರ ಕಂಬಗಳನ್ನು ನಿಲ್ಲಿಸುವುದು. ನಾಳೆ ತಂತಿ ಇರಬೇಕಾದ ಎತ್ತರದಲ್ಲೇ ಕಂಬದಿಂದ ಕಂಬಕ್ಕೆ ಕಣ್ಣಿಗೆ ಕಾಣದ ಬೆಳಕು ಹಾಯಿಸುವುದು. ತಂತಿ ನಡುವೆ ಜೋಲುತ್ತದೆ, ಬೆಳಕು ಜೋಲುವುದಿಲ್ಲ. ಅದಕ್ಕಾಗಿ ನಡುನಡುವೆ ಸಣ್ಣ ಕನ್ನಡಿಗಳನ್ನಿಟ್ಟು ಬೆಳಕನ್ನು ಮುರಿದು ಮುರಿದು ಇಳಿಸಿ ಹತ್ತಿಸುತ್ತಿದ್ದರು. ಹಾರುವ ಹಕ್ಕಿ ಬೆಳಕನ್ನು ಕತ್ತರಿಸಿದ ಕ್ಷಣ, ಅದರ ಗಾತ್ರ, ವೇಗ, ರೆಕ್ಕೆ ಇದ್ದ ಸ್ಥಿತಿ ಎಲ್ಲವನ್ನೂ ಯಂತ್ರ ಅಳೆದು ತೀರ್ಮಾನ ಹೇಳುತ್ತಿತ್ತು: ಇಲ್ಲಿ ನಿಜವಾದ ತಂತಿ ಇದ್ದಿದ್ದರೆ ಇದು ತಪ್ಪಿಸಿಕೊಳ್ಳುತ್ತಿತ್ತು, ಅಥವಾ ಇದು ಸಾಯುತ್ತಿತ್ತು. ಸತ್ತರೆ ಕೆಂಪು ಚುಕ್ಕೆ. ಮೂರು ಚಳಿಗಾಲ ಎಣಿಸಬೇಕು; ಇದು ಮೂರನೆಯದು. ಸಾವಿರ ಮುಟ್ಟಿದರೆ ಆ ದಾರಿ ರದ್ದು, ತಂತಿ ಬೇರೆ ಕಡೆಯಿಂದ ಬಳಸಿಕೊಂಡು ಬರಬೇಕು. ಹುಣಸಿಗೇರಿಯ ಜನ ಇದಕ್ಕೆ ಇಲ್ಲದ ತಂತಿ ಎಂದು ಹೆಸರಿಟ್ಟಿದ್ದರು.

ಹುಣಸಿಗೇರಿಯ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಹಗಲೆಲ್ಲ ನೀರಿನಲ್ಲಿ ತೇಲಿಕೊಂಡಿದ್ದು, ಹೊತ್ತು ಮುಳುಗುವಾಗ ಹೊಲಗಳ ಕಡೆ ಹಾರುತ್ತವೆ. ಮಬ್ಬುಗತ್ತಲಲ್ಲಿ, ನಲವತ್ತು ಮೀಟರ್ ಎತ್ತರದಲ್ಲಿ, ಸಾಲುಸಾಲಾಗಿ. ಹೊಸ ತಂತಿ ಬರಬೇಕಾದದ್ದು ಕೆರೆ ಮತ್ತು ಹೊಲಗಳ ನಡುವೆ, ಅದೇ ನಲವತ್ತು ಮೀಟರ್ ಎತ್ತರದಲ್ಲಿ.

ತಂತಿ ಬಂದರೆ ಊರಿಗೆ ಇಪ್ಪತ್ನಾಲ್ಕು ಗಂಟೆ ಕರೆಂಟು. ಬಾರದಿದ್ದರೆ, ಬಳಸು ದಾರಿಯ ಹೊಸ ಸರ್ವೇ, ಹೊಸ ಕಂಬ, ಕಡಿಮೆಯೆಂದರೂ ಮೂರು ವರ್ಷ. ಸದ್ಯಕ್ಕೆ ಸಂಜೆ ಆರರಿಂದ ಒಂಬತ್ತರವರೆಗೆ ದಿನವೂ ಕರೆಂಟು ಹೋಗುತ್ತಿತ್ತು. ಆ ಹೊತ್ತಿಗೆ ದೊಡ್ಡ ಊರುಗಳ ದೀಪ, ಯಂತ್ರಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ, ಸಾಲಿನ ಕೊನೆಯಲ್ಲಿರುವವರ ಪಾಲಿಗೆ ಏನೂ ಉಳಿಯುವುದಿಲ್ಲ. ಬೇರೆಯವರಿಗೆ ಅದು ಮೂರು ಗಂಟೆಯ ಕತ್ತಲೆ. ನೀಲಾಂಬಿಕಾಳ ತಾಯಿಗೆ ಅದು ಮೂರು ಗಂಟೆಯ ಉಸಿರು.

ಅವಳು ಸ್ಕೂಟರ್ ಹೊಡೆದುಕೊಂಡು ಮನೆ ಮುಟ್ಟುವ ಹೊತ್ತಿಗೆ ಏಳು ಗಂಟೆ ಆಗಿರುತ್ತಿತ್ತು. ಅಷ್ಟರಲ್ಲಿ ಇನ್ವರ್ಟರಿನ ಬ್ಯಾಟರಿ ಅರ್ಧಕ್ಕಿಂತ ಇಳಿದಿರುತ್ತಿತ್ತು. ಬಾಗಿಲಲ್ಲೇ ಕೂತಿರುತ್ತಿದ್ದವನು ಫಕ್ಕೀರಪ್ಪ. ಊರ ಪಂಚಾಯಿತಿಯ ನೀರು ಬಿಡುವವನು, ಐವತ್ತರ ಆಸುಪಾಸು. ನಲವತ್ತೈದು ವರ್ಷದ ಹಿಂದೆ ಇದೇ ಊರ ಶಾಲೆಯಲ್ಲಿ ನೀಲಾಂಬಿಕಾಳ ತಾಯಿ ಗುರುಬಸವ್ವ ಅವನ ಕೈ ಹಿಡಿದು ಅಕ್ಷರ ತಿದ್ದಿಸಿದ್ದರು. ಊರಿನ ಅರ್ಧ ಜನಕ್ಕೆ ತಿದ್ದಿಸಿದ್ದರು. ಅವರೆಲ್ಲರ ಬಾಯಲ್ಲಿ ಆಕೆ ಇವತ್ತಿಗೂ ಅಕ್ಕೋರು.

"ಆರಾಮದಾರ ತಂಗೀ," ಎನ್ನುತ್ತಿದ್ದ ಫಕ್ಕೀರಪ್ಪ. "ಎಂಟಕ್ಕ ಸಿಲಿಂಡರ್ ಹಚ್ಚಬೇಕು. ನಾ ಇರಲೋ, ನೀ ಹಚ್ತೀಯೋ?"

"ನಾ ಹಚ್ತೀನಿ ಫಕ್ಕೀರಣ್ಣ. ನೀ ಹೋಗಿ ಉಣ್ಣು."

ಗುರುಬಸವ್ವನ ಶ್ವಾಸಕೋಶ ಎರಡು ವರ್ಷದಿಂದ ಗಟ್ಟಿಯಾಗುತ್ತ ಬಂದಿತ್ತು. ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಯಂತ್ರವೊಂದು ಮಂಚದ ಪಕ್ಕದಲ್ಲಿ ಹಗಲಿರುಳು ಗುರುಗುಟ್ಟುತ್ತಿತ್ತು. ಡಾಕ್ಟರು ಒಗಟು ಮಾಡದೆ ಹೇಳಿದ್ದರು: ಆಕ್ಸಿಜನ್ ತಪ್ಪದ ಹಾಗೆ ನೋಡಿಕೊಂಡರೆ ವರ್ಷಗಟ್ಟಲೆ ಇರುತ್ತಾರೆ, ತಪ್ಪಿದರೆ ಒಂದು ಸಂಜೆ ಸಾಕು. ಕರೆಂಟು ಹೋದಾಗ ಇನ್ವರ್ಟರು ಎರಡು ಗಂಟೆ ತಡೆಯುತ್ತಿತ್ತು, ಉಳಿದ ಒಂದು ಗಂಟೆಗೆ ಸಿಲಿಂಡರು. ಸಿಲಿಂಡರಿನ ಗಾಡಿ ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು, ಕೆಲವೊಮ್ಮೆ ಬರುತ್ತಿರಲಿಲ್ಲ. ಗದಗಿಗೇ ಹೋಗಿ ಇರೋಣವೆಂದರೆ ಅಲ್ಲಿಯ ಮನೆಗಳಿಗೂ ಅದೇ ಮೂರು ಗಂಟೆ ಕರೆಂಟಿಲ್ಲ, ಜೊತೆಗೆ ಫಕ್ಕೀರಪ್ಪನೂ ಇಲ್ಲ.

ಹೋದ ತಿಂಗಳು ಒಂದು ಸಂಜೆ ಸಿಲಿಂಡರಿನ ಕೀಲಿ ಸಿಕ್ಕಿಕೊಂಡಿತು. ಫಕ್ಕೀರಪ್ಪ ತಿರುಗಿಸುತ್ತಾನೆ, ನೀಲಾಂಬಿಕಾ ತಿರುಗಿಸುತ್ತಾಳೆ, ಕೀಲಿ ಜಗ್ಗುವುದಿಲ್ಲ. ಐದು ನಿಮಿಷವೂ ಆಗಿರಲಿಕ್ಕಿಲ್ಲ. ಅವ್ವನ ತುಟಿ ನೇರಳೆ ಹಣ್ಣು ತಿಂದವರಂತೆ ಬಣ್ಣ ತಿರುಗಿತು, ಕಣ್ಣುಗಳು ಮಗಳ ಮುಖದ ಮೇಲೇ ನಿಂತವು. ಕೊನೆಗೆ ಫಕ್ಕೀರಪ್ಪ ನೀರಿನ ವಾಲ್ವ್ ತಿರುಗಿಸುವ ಕಬ್ಬಿಣದ ಪಾನಾದಿಂದ ಒಂದು ಏಟು ಹಾಕಿದಾಗ ಕೀಲಿ ಸಡಿಲವಾಯಿತು. ಆ ಸಂಜೆಯ ಮಾತನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ. ಅದಾದ ಮೇಲೆ ಅವ್ವ ಸಂಜೆಯಾದರೆ ಮಾತು ಕಡಿಮೆ ಮಾಡುತ್ತಿದ್ದಳು.

"ಇವತ್ತ ಎಷ್ಟ ಬಿದ್ದುವು?" ಎಂದು ಮಾತ್ರ ತಪ್ಪದೆ ಕೇಳುತ್ತಿದ್ದಳು.

"ಏಳು."

"ಒಟ್ಟು?"

"ಒಂಬೈನೂರಾ ಐವತ್ತೊಂದು."

ಮೂಗಿನ ನಳಿಕೆ ಸರಿಮಾಡಿಕೊಳ್ಳುತ್ತ ಅವ್ವ ಮನಸ್ಸಿನಲ್ಲೇ ಕಳೆಯುವ ಲೆಕ್ಕ ಮಾಡಿದಳು. ಮೂವತ್ತೈದು ವರ್ಷ ಮಕ್ಕಳಿಗೆ ಕಲಿಸಿದ ಲೆಕ್ಕ. "ಎತ್ತರ ಹಾರಿದ್ರ ಲೆಕ್ಕಕ್ಕ ಬರಂಗಿಲ್ಲ, ಹೌದಿಲ್ಲೋ?"

"ಬರಂಗಿಲ್ಲ. ಆದ್ರ ಹೊಲಕ್ಕ ಹೋಗೂ ಬಾತು ಎತ್ತರ ಯಾಕ ಹಾರತೈತಿ ಯವ್ವಾ? ಇಲ್ಲೇ ಎದ್ದು ಅಲ್ಲೇ ಇಳಿಯೂದು. ಬೆದರಿದ್ರ ಮಾತ್ರ ಮ್ಯಾಲ ಹೋಗತಾವ."

ಹೀಗೆ ಅವಳು ದಿನಾ ಸಂಜೆ ಅವ್ವನಿಗೆ ತನ್ನ ಕೆಲಸದ ಒಳಗುಟ್ಟನ್ನೆಲ್ಲ ಹೇಳುತ್ತಿದ್ದಳು. ಹೊತ್ತು ಹೋಗಬೇಕಲ್ಲ, ಕತ್ತಲಲ್ಲಿ.

ಸಂಕ್ರಾಂತಿಯ ದಿನಕ್ಕೆ ಲೆಕ್ಕ ಒಂಬೈನೂರ ಎಪ್ಪತ್ತೆರಡು ಮುಟ್ಟಿತು. ಮಾರನೆಯ ಸಂಜೆ ಪರದೆಯ ಮೇಲೆ ಒಂದೇ ಚುಕ್ಕೆ. ಅದರ ಮಾರನೆಯ ದಿನ ಒಂದೂ ಇಲ್ಲ. ಮೂರನೆಯ ದಿನವೂ ಇಲ್ಲ.

"ಎಂತ ಇದು, ಯಂತ್ರ ಮಲಗಿತಾ?" ಎಂದು ಪೈ ಒಂದೊಂದೇ ಕಂಬವನ್ನು ಪರೀಕ್ಷಿಸಿದ. ಎಲ್ಲ ಕಂಬಗಳೂ ಸರಿಯಾಗಿದ್ದವು. ಒಂದು ಗೂಬೆ ಹಾದುಹೋದದ್ದನ್ನೂ ಬರೆದಿಟ್ಟಿದ್ದವು. "ಹಾಗಾದರೆ ಬಾತುಗಳಿಗೇ ಬುದ್ಧಿ ಬಂತು ಅಂತ ಆಯಿತು. ಕಲಿತವು ಮೇಡಂ. ತಪ್ಪಿಸಿಕೊಂಡು ಹಾರುತ್ತವೆ."

ನೀಲಾಂಬಿಕಾ ನಕ್ಕಳು. ಎಷ್ಟೋ ದಿನದ ಮೇಲೆ ಅವಳಿಗೆ ಹಸಿವೆಯಾಗಿತ್ತು. ಮನೆಗೆ ಹೋಗಿ ಒಂದು ರೊಟ್ಟಿ ಹೆಚ್ಚಿಗೆ ತಿಂದಳು. ಸೊನ್ನೆ ಎಂದು ಕೇಳಿ ಅವ್ವ ಕಣ್ಣು ಮುಚ್ಚಿಕೊಂಡು, "ಛಲೋ ಆತು," ಎಂದಳು, ಮತ್ತೇನೂ ಕೇಳಲಿಲ್ಲ.

ಬೆಳಗಿನ ಜಾವ ಎಚ್ಚರವಾದಾಗ ಪೈಯ ಮಾತು ಅವಳ ತಲೆಯಲ್ಲಿ ಮುಳ್ಳಿನಂತೆ ಆಡತೊಡಗಿತು. ಕಲಿತವು. ಯಾವುದರಿಂದ ಕಲಿತವು? ಬೆಳಕಿನ ತಂತಿ ಹಕ್ಕಿಯ ಕಣ್ಣಿಗೆ ಕಾಣುವುದಿಲ್ಲ, ಮೈಗೆ ತಾಗುವುದಿಲ್ಲ. ಒಂಬೈನೂರು ಬಾತುಗಳು ಅದಕ್ಕೆ ಬಡಿದು ಸತ್ತಿದ್ದರೂ ಒಂದಕ್ಕೂ ಗರಿ ಅಲುಗಿಲ್ಲ. ನೋವೇ ಆಗದ ಮೇಲೆ ಪಾಠ ಎಲ್ಲಿಂದ ಬಂತು? ನಿಜವಾದ ತಂತಿಯನ್ನೇ ಹಕ್ಕಿಗಳು ಕಲಿಯುವುದಿಲ್ಲ, ಇಲ್ಲದ ತಂತಿಯನ್ನು ಹೇಗೆ ಕಲಿತಾವು?

ಆಫೀಸಿಗೆ ಹೋದವಳೇ ಕಂಬದ ತುದಿಯ ಪುಟ್ಟ ರಾಡಾರುಗಳ ದಾಖಲೆ ತೆಗೆದು ನೋಡಿದಳು. ನೋಡಬಾರದಿತ್ತು ಎಂದು ಆಮೇಲೆ ಅನ್ನಿಸಿತು. ಬಾತುಗಳು ಹಾರುತ್ತಿದ್ದವು. ಆದರೆ ಸಂಜೆ ಆರಕ್ಕಲ್ಲ, ನಾಲ್ಕೂವರೆಗೆ, ಉರಿಬಿಸಿಲಿನಲ್ಲಿ. ನಲವತ್ತು ಮೀಟರಲ್ಲ, ಎಂಬತ್ತು ತೊಂಬತ್ತು ಮೀಟರ್ ಎತ್ತರದಲ್ಲಿ. ಸಾಲುಗಟ್ಟಿ ಅಲ್ಲ, ಚೆಲ್ಲಾಪಿಲ್ಲಿಯಾಗಿ. ದಿನವೂ ಅದೇ ಹೊತ್ತಿಗೆ, ಗಡಿಯಾರ ನೋಡಿದ ಹಾಗೆ.

ಬೆದರಿದ್ರ ಮಾತ್ರ ಮ್ಯಾಲ ಹೋಗತಾವ ಎಂದು ಅವಳೇ ಹೇಳಿದ್ದಳು.

ಕಿಟಕಿ ಮುಚ್ಚಿದಂತೆ ಅವಳು ಆ ದಾಖಲೆಯನ್ನು ಮುಚ್ಚಿಬಿಟ್ಟಳು. ಪೈಗೆ ಹೇಳಲಿಲ್ಲ. ಕೆರೆಗೆ ಹೋಗಿ ನೋಡಿ ಬಂದರೆ ಒಂದು ಗಂಟೆಯ ಕೆಲಸ, ಆದರೂ ಹೋಗಲಿಲ್ಲ. ಸೋಮವಾರ ಮೀಟಿಂಗು ಇತ್ತು, ಮಂಗಳವಾರ ಸ್ಕೂಟರಿನ ಟೈರು, ಬುಧವಾರ ಸುಮ್ಮನೆ ತಲೆನೋವು. ಶನಿವಾರ ವಾರದ ವರದಿ ಕಳಿಸಬೇಕಿತ್ತು. ಅದರ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ಈ ವಾರ ಹಕ್ಕಿಗಳ ಹಾರಾಟಕ್ಕೆ ಮನುಷ್ಯರಿಂದ ಯಾವುದೇ ಅಡ್ಡಿಯಾಗಿಲ್ಲ ಎಂದು ದೃಢೀಕರಿಸುತ್ತೇನೆ. ಎರಡೂವರೆ ವರ್ಷದಿಂದ ಕಣ್ಣು ಮುಚ್ಚಿ ಗುರುತು ಹಾಕುತ್ತಿದ್ದ ಚೌಕ. ಆ ದಿನ ಅವಳು ಕಣ್ಣು ತೆರೆದುಕೊಂಡೇ ಗುರುತು ಹಾಕಿದಳು.

ಅವಳ ಹಿಂದೆಯೇ ಪೈ ಸಹಿ ಮಾಡಬೇಕಿತ್ತು. ಅವನು ಪರದೆಯನ್ನೂ ಅವಳನ್ನೂ ಒಂದು ಸಲ ನೋಡಿದ. ಅವಳ ತಾಯಿಯ ವಿಷಯ ಇಲಾಖೆಯಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೆ. ಇವತ್ತು ತಮಾಷೆ ಮಾಡಲಿಲ್ಲ.

"ರಾಡಾರ್ ದಾಖಲೆ ನಾನೂ ನೋಡಿದ್ದೇನೆ ಮೇಡಂ," ಎಂದ ಮೆಲ್ಲಗೆ. "ನೀವು ಹಾಕಿದ್ದೀರಿ ಅಂತ ನಾನೂ ಹಾಕುತ್ತೇನೆ. ನೀವು ತೆಗೆದರೆ ನಾನೂ ತೆಗೆಯುತ್ತೇನೆ. ನನ್ನ ಹತ್ತಿರ ಇದಕ್ಕಿಂತ ಹೆಚ್ಚು ಧೈರ್ಯ ಇಲ್ಲ."

ಅವನು ಬೈದಿದ್ದರೆ ಒಳ್ಳೆಯದಿತ್ತು. ಆ ಭಾನುವಾರ ಅವಳಿಗೆ ಅನ್ನ ಸೇರಲಿಲ್ಲ.

ಸಂಕ್ರಾಂತಿಯಾಗಿ ಹನ್ನೆರಡು ದಿನ ಸರಿದ ಮೇಲೆ, ಒಂದು ಮಧ್ಯಾಹ್ನ ಅವಳು ಯಾರಿಗೂ ಹೇಳದೆ ಸ್ಕೂಟರ್ ಹತ್ತಿದಳು. ಕೆರೆಯ ಏರಿ ಮುಟ್ಟಿದಾಗ ನಾಲ್ಕು ಗಂಟೆ ಹತ್ತು ನಿಮಿಷ. ನೀರಿನ ತುಂಬ ಬಾತುಗಳು; ತಲೆಯನ್ನು ಬೆನ್ನಿಗೆ ಸಿಕ್ಕಿಸಿಕೊಂಡು ನಿದ್ದೆಯಲ್ಲಿದ್ದವು. ತಿಂಗಳುಗಟ್ಟಲೆ ಇವುಗಳನ್ನು ಚುಕ್ಕೆಯಾಗಿ ಮಾತ್ರ ನೋಡಿದವಳಿಗೆ, ಅವು ಇಷ್ಟು ದಪ್ಪಗಿವೆ ಎಂಬುದೇ ಮರೆತುಹೋಗಿತ್ತು.

ಆಚೆ ದಂಡೆಯ ಜಾಲಿಗಿಡಗಳ ಮರೆಯಿಂದ ಎಂಟು ಹತ್ತು ಜನ ಹೊರಬಂದರು. ಕೈಯಲ್ಲಿ ಎಣ್ಣೆ ಡಬ್ಬಿ, ಹಿತ್ತಾಳೆ ತಾಟು, ಒಬ್ಬನ ಕೊರಳಲ್ಲಿ ಬಡಿಯುವ ಹಲಗೆ. ಇದು ಆ ಊರಿನ ಹಳೆಯ ಪದ್ಧತಿ. ಅವಳು ಸಣ್ಣವಳಿದ್ದಾಗ ಕಡಲೆ ಮೊಳಕೆಯೊಡೆಯುವ ಹೊತ್ತಿಗೆ ಬೆಳೆ ಉಳಿಸಿಕೊಳ್ಳಲು ಮನೆಗೊಬ್ಬರಂತೆ ಪಾಳಿ ಹಾಕಿ ಬಾತು ಎಬ್ಬಿಸುತ್ತಿದ್ದರು. ಮೋಡವೇ ಮುರಿದು ಬೀಳುವಂತೆ ಸದ್ದು ಮಾಡಿದರೆ ಬಾತುಗಳು ಆಕಾಶಕ್ಕೆ ಏರಿ ಬೇರೆ ಊರಿನ ಹೊಲ ಹುಡುಕಿಕೊಂಡು ಹೋಗುತ್ತಿದ್ದವು. ಸರಕಾರ ಬೆಳೆಹಾನಿ ಕೊಡಲು ಶುರುಮಾಡಿದ ಮೇಲೆ ಪಾಳಿ ನಿಂತು ಇಪ್ಪತ್ತು ವರ್ಷವಾಗಿತ್ತು.

ಮುಂದೆ ನಿಂತವನು ಕೈ ಎತ್ತಿದ. ಡಬ್ಬಿ, ತಾಟು, ಹಲಗೆ ಒಮ್ಮೆಲೇ ಬಡಿದವು. ಐದು ಸಾವಿರ ಬಾತುಗಳು ನಿದ್ದೆಗಣ್ಣಿನಲ್ಲಿ ಎದ್ದವು. ನೀರು ಕೆದರಿತು, ಒಂದಕ್ಕೊಂದು ಬಡಿದವು, ಕೂಗುತ್ತ ಸುತ್ತಿ ಸುತ್ತಿ ಮೇಲೇರಿದವು. ಅವಳು ಏರಿ ಸುತ್ತಿ ಆಚೆ ದಂಡೆಗೆ ನಡೆದಳು. ಹೆದರಿಕೆಯೋ ನಾಚಿಕೆಯೋ ತಿಳಿಯಲಿಲ್ಲ, ಎರಡೂ ಇದ್ದವು.

ಕೈ ಎತ್ತಿದವನು ಫಕ್ಕೀರಪ್ಪ. ಅವಳನ್ನು ಕಂಡು ಡಬ್ಬಿಯನ್ನು ಬೆನ್ನ ಹಿಂದೆ ಮಾಡಿಕೊಂಡ, ಐವತ್ತು ವರ್ಷದ ಗಂಡಸು. ಉಳಿದವರು ಒಬ್ಬೊಬ್ಬರಾಗಿ ದೂರ ಸರಿದರು.

"ಫಕ್ಕೀರಣ್ಣ, ಏನಿದು?"

"ಪಾಳಿ ತಂಗೀ."

"ಹೊಲದಾಗ ಬೆಳಿ ಇಲ್ಲ, ಎಂಥಾ ಪಾಳಿ?"

ಫಕ್ಕೀರಪ್ಪ ಬಾತುಗಳು ಹೋದ ದಿಕ್ಕು ನೋಡಿದ. "ಸಾವಿರ ಆದ್ರ ಕರೆಂಟ್ ಬರಂಗಿಲ್ಲಂತಲ್ಲ. ಎತ್ತರ ಹಾರಿಸಿದ್ರ ನಿಮ್ಮ ಯಂತ್ರಕ್ಕ ಸಿಗಂಗಿಲ್ಲಂತ. ನಾವೇನ ಕೊಂದಿಲ್ಲ, ಬಡದಿಲ್ಲ. ಬರೇ ಎಬ್ಬಿಸೇವಿ. ಬೆಳಿಗ್ಗಿ ಹೊಳ್ಳಿ ಬರತಾವ."

"ಇದೆಲ್ಲಾ ನಿಮಗ ಯಾರ ಹೇಳಿದ್ರು?"

ಅವನ ಕೈ ಅಂಗಿಯ ಜೇಬು ಮುಚ್ಚಲು ಹೋಯಿತು. ಅಲ್ಲಿಂದ ಮಡಿಚಿದ ಹಾಳೆಯೊಂದು ಇಣುಕುತ್ತಿತ್ತು. ಅವಳು ಕೈ ಚಾಚಿದಳು. ಅವನು ತೆಗೆದು ಕೊಟ್ಟ.

ಪಾಳಿಯ ಪಟ್ಟಿ. ಮೇಲೆ ತಲೆಬರಹ, ಅದರ ಕೆಳಗೆ ಅಳತೆಪಟ್ಟಿ ಹಿಡಿದು ಎಳೆದ ಎರಡು ಗೆರೆ. ವಾರ, ಹೊತ್ತು, ಹೆಸರು. ಕ್ರಮಸಂಖ್ಯೆಗಳಿಗೆಲ್ಲ ಸುತ್ತು. ಕೈ ನಡುಗಿ ಅಲ್ಲಲ್ಲಿ ಸಾಲು ಇಳಿದಿತ್ತು, ಆದರೂ ಅಕ್ಷರಗಳು ಮುತ್ತಿನಂತೆ ದುಂಡಗಿದ್ದವು. ಅವಳು ಆ ಅಕ್ಷರಗಳ ಮೇಲೆ ಬೆರಳಾಡಿಸಿಯೇ ಓದು ಕಲಿತಿದ್ದಳು. ಊರಿನ ಅರ್ಧ ಜನವೂ ಹಾಗೆಯೇ.

"ಅಕ್ಕೋರಿಗೆ ಬೈಬ್ಯಾಡ," ಎಂದ ಫಕ್ಕೀರಪ್ಪ. "ಜನ್ಮದಾಗ ಯಾರ ಕಡೆನೂ ಒಂದ ಮಾತ ಕೇಳಿದವರಲ್ಲ. ಅಂಥವರು ಕೈ ಹಿಡದು ಕೇಳಿದ್ರು. ಇಲ್ಲ ಅನ್ನಾಕ ಬರತೈತೇನ?"

ಹೋಗುವಾಗ ಅವನೇ ಇನ್ನೊಂದು ಮಾತು ಹೇಳಿದ, ಕೇಳದಿದ್ದರೂ. ಗಾಬರಿಯಲ್ಲಿ ಎದ್ದ ಬಾತುಗಳು ಕೆರೆಯ ಪಕ್ಕದ ಪಂಪ್‌ಸೆಟ್ಟಿನ ಹಳೆಯ ತಂತಿಗೆ ಬಡಿಯುತ್ತಿವೆ. ಈವರೆಗೆ ನಾಲ್ಕು ಬಿದ್ದಿವೆ. ಗೋಣಿಚೀಲದಲ್ಲಿ ತುಂಬಿ ಅಲ್ಲೇ ಹುಗಿದಿದ್ದಾರೆ. "ಇದನ್ನಷ್ಟ ಅಕ್ಕೋರ ಮುಂದ ಹೇಳಬ್ಯಾಡವಾ," ಎಂದ.

ಅವಳು ಮನೆ ಮುಟ್ಟಿದಾಗ ಐದೂವರೆ. ಅಷ್ಟು ಬೇಗ ಅವಳು ಬಂದದ್ದನ್ನು ನೋಡಿಯೇ ಅವ್ವನಿಗೆ ಅರ್ಧ ತಿಳಿಯಿತು. ಉಳಿದರ್ಧ ಮಗಳ ಕೈಯಲ್ಲಿದ್ದ ಹಾಳೆ ನೋಡಿ.

"ಅಕ್ಷರ ಗುರುತ ಹಿಡದಿ," ಎಂದಳು.

"ಹಿಡೀದ ಏನ ಮಾಡ್ಲಿ, ನೀನ ಕಲಿಸಿದ್ದು." ನೀಲಾಂಬಿಕಾ ಮಂಚದ ತುದಿಗೆ ಕೂತಳು. "ಯಾಕ ಯವ್ವಾ?"

ಯಂತ್ರ ಗುರುಗುಟ್ಟುತ್ತಿತ್ತು. ಅವ್ವ ಎರಡು ಮೂರು ಉಸಿರು ಕೂಡಿಸಿಕೊಂಡಳು.

"ಆವತ್ತ ಕೀಲಿ ಸಿಕ್ಕೊಂಡಿತ್ತಲ್ಲ. ಆವತ್ತಿಂದ ಅಂಜಿಕಿ ನೀಲಾ. ಸಾಯೂದಕ್ಕಲ್ಲ. ಸತ್ತ ಹೋದ್ರ ಹೋತು, ಎಪ್ಪತ್ತೆರಡಾತು. ಬಾಯಿ ತಗದರೂ ಗಾಳಿ ಒಳಗ ಬರಂಗಿಲ್ಲಲ್ಲ, ಅದಕ್ಕ. ಐದು ಹೊಡೀತಂದ್ರ ನನ್ನ ಅಂಗಾಲು ತಣ್ಣಗಾಗತಾವ. ನಿನಗ ಹೇಳಬಾರದಂತ ಸುಮ್ಮನಿದ್ದೆ."

"ತಂತಿ ಬಂದ ಮ್ಯಾಲ ಯಾರ ಡಬ್ಬಿ ಬಡೀತಾರ? ಆವಾಗ ಬೀಳೂವು ಖರೇನ ಬೀಳತಾವ. ವರ್ಷಾ ವರ್ಷಾ."

"ಗೊತ್ತೈತಿ."

"ಗೊತ್ತಿದ್ದೂ ಮಾಡಿಸಿದಿ?"

"ಗೊತ್ತಿದ್ದೂ ಮಾಡಿಸಿದೆ. ಫಕ್ಕೀರಪ್ಪಗ ಸಾಲಿಯೊಳಗ ಕಾಪಿ ಹೊಡದಾಗ ನಾನ ಬೆರಳಿಗೆ ಹೊಡದಿದ್ದೆ. ಈಗ ಅವನ ಕೈಲೆನ ಕಾಪಿ ಹೊಡಿಸಿದೆ."

ನೀಲಾಂಬಿಕಾಳಿಗೆ ಸಿಟ್ಟೂ ಬಂತು, ಅಳುವೂ ಬಂತು. "ನಾನೂ ಹೊಡದೇನಿ ಯವ್ವಾ," ಎಂದಳು. "ಹೋದ ಶನಿವಾರ ಎಲ್ಲಾ ಗೊತ್ತಾಗಿತ್ತು. ಅಡ್ಡಿ ಆಗಿಲ್ಲ ಅಂತ ಬರದ ಕಳಿಸೇನಿ."

ಆರು ಗಂಟೆಗೆ ಸರಿಯಾಗಿ ಕರೆಂಟು ಹೋಯಿತು. ಯಂತ್ರ ಒಂದು ಕ್ಷಣ ನಿಂತು, ಇನ್ವರ್ಟರಿನ ಮೇಲೆ ಮತ್ತೆ ಶುರುವಾಯಿತು. ಆ ಒಂದು ಕ್ಷಣದಲ್ಲಿ ಅವ್ವನ ಕೈ ಹಾಸಿಗೆಯ ಅಂಚನ್ನು ಬಿಗಿಯಾಗಿ ಹಿಡಿದದ್ದನ್ನು ನೀಲಾಂಬಿಕಾ ನೋಡಿದಳು. ಇಷ್ಟು ದಿನ ಈ ಹೊತ್ತಿಗೆ ಅವಳು ಮನೆಯಲ್ಲಿ ಇರುತ್ತಿರಲಿಲ್ಲ, ನೋಡಿರಲಿಲ್ಲ.

ಅವಳು ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ತಿದ್ದುಪಡಿಯ ಅರ್ಜಿ ತೆರೆದಳು. ನಿಯಮ ಅವಳಿಗೆ ಬಾಯಿಪಾಠ. ಅಡ್ಡಿಯಾದ ದಿನಗಳಿಗೆ ಮೊದಲಿನ ಸರಾಸರಿ ಹಾಕುತ್ತಾರೆ. ಹನ್ನೆರಡು ದಿನ, ದಿನಕ್ಕೆ ಏಳು, ಎಂಬತ್ನಾಲ್ಕು. ಸಾವಿರಕ್ಕೆ ಇಪ್ಪತ್ತೇಳು ಮಾತ್ರ ಉಳಿದಿತ್ತು. ಈ ಅರ್ಜಿ ಹೋದ ಗಳಿಗೆಗೆ ಲೆಕ್ಕ ಸಾವಿರ ದಾಟುತ್ತದೆ, ದಾರಿ ರದ್ದಾಗುತ್ತದೆ, ಮೂರು ವರ್ಷ ಕರೆಂಟಿನ ಮಾತಿಲ್ಲ. ಅಷ್ಟೂ ಅವಳ ಒಂದು ಬೆರಳಿನಲ್ಲಿತ್ತು.

"ನೀ ಬ್ಯಾಡ ಅಂದ್ರ ನಾ ಸುಮ್ಮನಿರತೀನಿ ಯವ್ವಾ," ಎಂದಳು. ಹೇಳುವಾಗಲೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಅದನ್ನ ನನಗ ಕೇಳಬ್ಯಾಡ," ಎಂದಳು ಅವ್ವ, ತರಗತಿಯ ಹಳೆಯ ದನಿಯಲ್ಲಿ. "ಕೇಳಿದ್ರ ನಾ ಸುಮ್ಮನಿರು ಅಂತೀನಿ. ಈ ಹೊತ್ತಿನ್ಯಾಗ ನನಗ ಕೇಳಿದ್ರ ಅದನ್ನ ಅಂತೀನಿ."

ನೀಲಾಂಬಿಕಾ ಬೆರಳಚ್ಚು ಮಾಡತೊಡಗಿದಳು. ಕೆರೆಯ ಹೆಸರು, ತಾರೀಖು, ಹೊತ್ತು. ಒಂದು ಕಡೆ ಬಂದು ನಿಂತಳು.

"ಏನು ಕೇಳತೈತಿ?" ಎಂದಳು ಅವ್ವ.

"ಅಡ್ಡಿಪಡಿಸಿದವರ ಹೆಸರು."

"ಏನ ಬರದಿ?"

"ಊರವರು ಅಂತ."

"ಊರವರು ಅಂದ್ರ ಪೊಲೀಸರು ಪಂಚಾಯ್ತಿಗೆ ಬರತಾರ. ಮೊದಲ ಫಕ್ಕೀರಪ್ಪನ ನೌಕರಿ ಹೋಗತೈತಿ." ಅವ್ವ ಎದ್ದು ಕೂರಲು ನೋಡಿದಳು. ನೀಲಾಂಬಿಕಾ ಬೆನ್ನಿಗೆ ದಿಂಬು ಕೊಟ್ಟಳು. "ಅಳಿಸು. ಗುರುಬಸವ್ವ ಚನ್ನವೀರಪ್ಪ ಹೊಸಮನಿ ಅಂತ ಬರಿ. ನಿವೃತ್ತ ಮುಖ್ಯಾಧ್ಯಾಪಕಿ ಅಂತ ಸೇರಸು. ಪಾಳಿ ಹಾಕಿದಾಕಿ ನಾನು, ಪಟ್ಟಿ ನನ್ನ ಕೈಯಾಂದು. ಹುಡುಗರು ಹೇಳಿದಷ್ಟ ಮಾಡ್ಯಾರ."

"ನನ್ನ ತಾಯಿ ಅಂತನೂ ಬರೀಬೇಕಾಗತೈತಿ."

"ಬರಿ. ಖರೇನ ಐತೆಲ್ಲ."

ಅವಳು ಬರೆದಳು. ಪಂಪ್‌ಸೆಟ್ಟಿನ ತಂತಿಗೆ ಬಿದ್ದ ನಾಲ್ಕನ್ನೂ ಸೇರಿಸಿದಳು. ಬರೆದದ್ದನ್ನು ಗಟ್ಟಿಯಾಗಿ ಓದು ಎಂದಳು ಅವ್ವ. ಓದುತ್ತ ನಾಲ್ಕು ಎನ್ನುವಲ್ಲಿಗೆ ಬಂದಾಗ ನೀಲಾಂಬಿಕಾ ನುಂಗಿಕೊಳ್ಳಬೇಕೆಂದುಕೊಂಡಳು, ಆದರೆ ನಾಲಿಗೆ ಓದಿಯೇಬಿಟ್ಟಿತು. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಹೊರಗೆ ಕತ್ತಲಾಗುತ್ತಿತ್ತು. ಇನ್ವರ್ಟರಿನ ಹಸಿರು ದೀಪ ಹಳದಿಗೆ ತಿರುಗಿತು. ನೀಲಾಂಬಿಕಾ ಮೂಲೆಗೆ ಹೋಗಿ ಸಿಲಿಂಡರಿನ ಕೀಲಿಯನ್ನು ತಿರುಗಿಸಿ ನೋಡಿದಳು, ಸಡಿಲವಾಗಿತ್ತು. ಮುಳ್ಳು ಕಾಲು ಭಾಗ ತೋರಿಸುತ್ತಿತ್ತು. ಇವತ್ತಿಗೆ ಸಾಕು. ನಾಳೆ ಗಾಡಿ ಬರಬೇಕು. ತಿರುಗಿ ಬಂದು ಕೂತಳು.

"ಕಳಿಸಿದೇನು?" ಎಂದಳು ಅವ್ವ, ಗೋಡೆಯ ಕಡೆಯಿಂದಲೇ.

"ಇಲ್ಲ."

"ಯಾಕ?"

"ನೀ ಅಂಜಿದೀಯಲ್ಲ ಯವ್ವಾ."

"ಅಂಜೇನಿ." ಅವ್ವ ಒಂದು ಉಸಿರು ತೆಗೆದುಕೊಂಡಳು, ಇನ್ನೊಂದು ತೆಗೆದುಕೊಂಡಳು. "ಅದು ಹೋಗಲಿ ಅಂತ ಕಾಯಬ್ಯಾಡ ನೀ. ಅದು ಹೋಗಂಗಿಲ್ಲ. ಕಳಿಸು."

ನೀಲಾಂಬಿಕಾ ಕಳಿಸಿದಳು. ಆಮೇಲೆ ಬ್ಯಾಟರಿ ದೀಪ ಹಚ್ಚಿ, ಅವ್ವನ ಅಂಗಾಲುಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತ ಕೂತಳು. ಕರೆಂಟು ಬರಲು ಇನ್ನೂ ಎರಡು ಗಂಟೆ ಹತ್ತು ನಿಮಿಷ ಬಾಕಿ ಇತ್ತು.